ಸುಳ್ಳೈಟ್ ಎಂಬ ಖನಿಜ

ಎಂಬತ್ತರ ದಶಕದ ನಡುವಿನಲ್ಲಿ ನಾನು ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನಲ್ಲಿ ಭೂವಿಜ್ಞಾನದ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿಕೊಂಡೆ. ವಿಭಾಗ ಎಂದರೆ ಎರಡು ಕೋಣೆ, ಒಂದು ಬೀರು, ಇಬ್ಬರು ಮೇಷ್ಟ್ರುಗಳು. ಬೀರುವಿನಲ್ಲಿದ್ದ ಕಲ್ಲುಗಳ ಚೀಟಿಗಳನ್ನು ಹುಳ ತಿಂದು ಯಾವ ಕಲ್ಲು ಯಾವುದೆಂದು ಹೇಳುವವರೇ ಇರಲಿಲ್ಲ. ಹೇಳಬೇಕಾದವರು ನಮ್ಮ ವಿಭಾಗದ ಮುಖ್ಯಸ್ಥರು. ಅವರು ಆ ಬೀರುವಿನ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರೇ ಹೊರತು, ಬೀಗ ತೆಗೆದಿದ್ದನ್ನು ನಾನು ಮೊದಲ ವರ್ಷ ನೋಡಲಿಲ್ಲ.

ಅವರ ಪಾಠದ ಕ್ರಮ ಹೀಗಿತ್ತು. ತಮ್ಮ ಗುರುಗಳು ಹೇಳಿ ಬರೆಸಿದ್ದ ನೋಟ್ಸು ಅವರ ಹತ್ತಿರ ಒಂದು ಉದ್ದನೆಯ ಪುಸ್ತಕದಲ್ಲಿತ್ತು. ಅದನ್ನು ಅವರು ಓದುವುದು, ಹುಡುಗರು ಬರೆದುಕೊಳ್ಳುವುದು. ಎಲ್ಲಿ ನಗಿಸಬೇಕು ಎನ್ನುವುದಕ್ಕೂ ಅಂಚಿನಲ್ಲಿ ಪೆನ್ಸಿಲ್ ಗುರುತು ಇತ್ತು. ಅಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿ, ಆ ಹಳೆಯ ಹಾಸ್ಯವನ್ನು ಹೇಳಿ, ಮುಂದಿನ ಸಾಲಿಗೆ ಹೋಗುತ್ತಿದ್ದರು. ಒಮ್ಮೆ ಒಬ್ಬ ಹುಡುಗ ಕಿಟಕಿಯಾಚೆಗಿನ ಬಂಡೆಬೆಟ್ಟವನ್ನು ತೋರಿಸಿ, “ಸರ್, ಅದು ಯಾವ ಕಲ್ಲು?” ಎಂದು ಕೇಳಿದ. ಅವರು ಆ ಕಡೆ ತಿರುಗಲೂ ಇಲ್ಲ. “ಅದು ಸಿಲಬಸ್‌ನಲ್ಲಿಲ್ಲ, ಬರ್ಕೋ” ಎಂದರು. ಆ ಹುಡುಗ ಪಾಪ, ‘ಅದು ಸಿಲಬಸ್‌ನಲ್ಲಿಲ್ಲ’ ಎಂಬುದನ್ನೂ ನೋಟ್ಸಿನಲ್ಲಿ ಬರೆದುಕೊಂಡ.

ನಾನು ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಸಂಜೆ ಮನೆಗೆ ಹೋದ ಮೇಲೆ ಇದನ್ನೆಲ್ಲ ಅಪ್ಪನಿಗೆ ಹೇಳುವುದು ನನ್ನ ದೊಡ್ಡ ಸುಖವಾಗಿತ್ತು. ಅಪ್ಪ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಮ್ಮ ಕೇರಿಯಲ್ಲಿ ಮೊದಲು ಓದಿದವರು, ಮನೆಯಲ್ಲಿ ಬುದ್ಧನ ಪಟ ಮೊದಲು ಹಾಕಿದವರೂ ಅವರೇ. ಅವರನ್ನು ಕೀಳಾಗಿ ಕಂಡವರು ಬಹಳ. ಆ ಜನರನ್ನೆಲ್ಲ ಅವರು ಸಂಜೆ ಕುರ್ಚಿಯಲ್ಲಿ ಕೂತು ಒಬ್ಬೊಬ್ಬರನ್ನಾಗಿ ಅಣಕಿಸಿ ತೋರಿಸುತ್ತಿದ್ದರು. ನಡೆ, ದನಿ, ಇಂಗ್ಲಿಷಿನ ತಪ್ಪು, ಯಾವುದನ್ನೂ ಬಿಡುತ್ತಿರಲಿಲ್ಲ. ತಾತ್ಸಾರ ಮಾಡುವುದನ್ನು ನಾನು ಅವರಿಂದಲೇ ಕಲಿತೆ. ನಮಗೆ ಅದೇ ರಕ್ಷಣೆ ಎಂದು ಇಬ್ಬರೂ ತಿಳಿದುಕೊಂಡಿದ್ದೆವು.

ಮುಖ್ಯಸ್ಥರು ನನ್ನನ್ನು ಮೊದಲ ದಿನವೇ ಹೊಗಳಿದ್ದರು. “ನಿಮ್ಮ ಕಡೆಯೋರು ಇಷ್ಟು ಚೆನ್ನಾಗಿ ಇಂಗ್ಲಿಷ್ ಬರೀತೀರಲ್ಲಮ್ಮ, ಸಂತೋಷ” ಎಂದಿದ್ದರು. ಅವರ ಮಟ್ಟಿಗೆ ಅದು ಔದಾರ್ಯ. ಅಪ್ಪ ಆ ಮಾತನ್ನು ಅವರ ದನಿಯಲ್ಲೇ ಎಷ್ಟೋ ಸಂಜೆ ಆಡಿ ತೋರಿಸಿದರು. ಅವರನ್ನು ಅಪ್ಪ ಒಮ್ಮೆಯೂ ನೋಡಿರಲಿಲ್ಲ. ಆದರೂ ದನಿ ತಪ್ಪುತ್ತಿರಲಿಲ್ಲ.

ಕೊನೆಯ ವರ್ಷದ ತರಗತಿಯಲ್ಲಿ ಹನ್ನೊಂದು ಜನರಿದ್ದರು. ಪ್ರಾಯೋಗಿಕ ತರಗತಿ ನನ್ನದು. ಒಂದು ದಿನ ಹೇಗೋ ಬೀಗದ ಕೈ ಇಸಿದುಕೊಂಡು, ಒಂದು ಮಾಸಲು ಗುಲಾಬಿ ಕಲ್ಲನ್ನು ಮೇಜಿನ ಮೇಲಿಟ್ಟು, ‘ಕ್ವಾರ್ಟ್ಸ್’ ಎಂದು ಚೀಟಿ ಅಂಟಿಸಿದೆ. ಅದು ಕ್ವಾರ್ಟ್ಸ್ ಅಲ್ಲ, ಫೆಲ್ಡ್‌ಸ್ಪಾರ್. ನಮ್ಮ ಊರುಗಳ ಬಂಡೆಯಲ್ಲೆಲ್ಲ ಇರುವ ಕಲ್ಲು. ಇದರ ಗಡಸುತನ ಎಷ್ಟು ಎಂದು ಕೇಳಿದೆ. ಯಾರೂ ಅದನ್ನು ಮುಟ್ಟಲಿಲ್ಲ. “ಸೆವೆನ್ ಮೇಡಂ” ಎಂದು ಒಟ್ಟಿಗೆ ಕೂಗಿದರು. ಯಾವ ಆಕಾರದಲ್ಲಿ ಹರಳುಗಟ್ಟುತ್ತದೆ ಎಂದರೆ, “ಹೆಕ್ಸಾಗನಲ್ ಮೇಡಂ”. ಸೀಳಿದರೆ ಹೇಗೆ ಸೀಳುತ್ತದೆ ಎಂದರೆ, “ಸೀಳೋದಿಲ್ಲ ಮೇಡಂ”. ಆ ಕಲ್ಲು ಅವರ ಕಣ್ಣೆದುರಿಗೇ ಕಟ್ಟಿಗೆ ಸೀಳಿದಂತೆ ಎರಡು ನುಣುಪು ಮುಖಗಳಾಗಿ ಒಡೆದುಕೊಂಡು ಕೂತಿತ್ತು. ಚೀಟಿಯನ್ನು ಓದಿದರು, ಕಲ್ಲನ್ನು ಯಾರೂ ಓದಲಿಲ್ಲ.

ಅವತ್ತು ಬಸ್ಸಿನಲ್ಲಿ ಬರುತ್ತಾ ನನಗೊಂದು ಉಪಾಯ ಹೊಳೆಯಿತು. ಇರುವ ಖನಿಜ ಕೊಟ್ಟರೆ ಬಾಯಿಪಾಠ ಒಪ್ಪಿಸುತ್ತಾರೆ. ಇಲ್ಲದ ಖನಿಜವನ್ನೇ ಕೊಟ್ಟರೆ? ಮಾರನೆಯ ದಿನ ಬೋರ್ಡಿನ ಮೇಲೆ ಬರೆದೆ. ಇದಕ್ಕೆ ಮೂರು ಅಕ್ಷ. ಮೂರೂ ಬೇರೆ ಬೇರೆ ಉದ್ದ. ಒಂದಕ್ಕೊಂದು ನೆಟ್ಟಗೆ, ಗೋಡೆಯ ಮೂಲೆಯ ಹಾಗೆ ಕೂಡುತ್ತವೆ. ಒಂದೇ ದಿಕ್ಕಿನಲ್ಲಿ ಸೀಳುತ್ತದೆ. ಚಾಕುವಿನಿಂದ ಗೀರಿದರೆ ಗೀರು ಬೀಳುತ್ತದೆ, ತಾಮ್ರದ ಚೂರಿನಿಂದ ಗೀರಿದರೆ ಬೀಳುವುದಿಲ್ಲ. ಇದು ಎಲ್ಲೂ ಸಿಗುವುದಿಲ್ಲ, ನಾನು ನಿನ್ನೆ ಬಸ್ಸಿನಲ್ಲಿ ಮಾಡಿದ್ದು. ಈಗ ಹೇಳಿ, ಇದರ ಹರಳು ಹೇಗಿರುತ್ತದೆ? ಒಡೆದರೆ ಏನಾಗುತ್ತದೆ?

ಹನ್ನೊಂದು ಜನರೂ ತಬ್ಬಿಬ್ಬಾದರು. ಒಬ್ಬ, “ಮೇಡಂ, ಇದು ಎಷ್ಟನೇ ಪೇಜು?” ಎಂದ. ಇನ್ನೊಬ್ಬ, “ಇಲ್ಲದೇ ಇರೋದನ್ನ ಹೆಂಗೆ ಮೇಡಂ ಓದೋದು?” ಎಂದ. ಸ್ವಲ್ಪ ಹೊತ್ತಾದ ಮೇಲೆ ದಿಬ್ಬೂರಹಳ್ಳಿಯಿಂದ ಬರುತ್ತಿದ್ದ ಹುಡುಗಿ ಎದ್ದು ನಿಂತಳು. ಅವರ ಮನೆಯಲ್ಲಿ ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಬಾಯಿಪಾಠ ಬರದ ಹುಡುಗಿ ಎಂದು ಮುಖ್ಯಸ್ಥರು ಅವಳನ್ನು ದಡ್ಡರ ಪಟ್ಟಿಗೆ ಸೇರಿಸಿದ್ದರು.

“ಬೆಂಕಿಪೊಟ್ಟಣ ಮೇಡಂ” ಎಂದಳು.

ಎಲ್ಲರೂ ನಕ್ಕರು. ಅವಳು ಅಟೆಂಡರ್ ಹತ್ತಿರ ಹೋಗಿ ಬೆಂಕಿಪೊಟ್ಟಣ ಇಸಿದುಕೊಂಡು ಬಂದಳು. ತಲೆಯಿಂದ ಒಂದು ಹೇರ್‌ಪಿನ್ ತೆಗೆದು ನೆಟ್ಟಗೆ ಮಾಡಿ, ಪೊಟ್ಟಣದ ನಡುಮಧ್ಯಕ್ಕೆ ಚುಚ್ಚಿ, ಅರ್ಧ ಸುತ್ತು ತಿರುಗಿಸಿದಳು. “ನೋಡಿ, ಮೇಲಿನ ಚಿತ್ರ ಬಿಟ್ಟಾಕಿ. ತಿರುಗಿಸಿದ್ರೂ ಮೊದಲಿದ್ದಂಗೇ ಕಾಣುತ್ತೆ. ಈ ಕಡೆಯಿಂದ ಚುಚ್ಚಿದ್ರೂ ಹಂಗೇ, ಆ ಕಡೆಯಿಂದ ಚುಚ್ಚಿದ್ರೂ ಹಂಗೇ. ಮೂರೇ ಥರ. ಕಾಲು ಸುತ್ತು ತಿರುಗಿಸಿದ್ರೆ ಮಾತ್ರ ಬೇರೆ ಕಾಣುತ್ತೆ. ಒಂದೇ ದಿಕ್ಕಲ್ಲಿ ಸೀಳುತ್ತೆ ಅಂದ್ರೆ ಹಾಳೆ ಹಾಳೆ ಬಿಡುತ್ತೆ, ಕಾಗೆಬಂಗಾರದ ಥರ. ಅಲ್ವಾ ಮೇಡಂ?”

ನಾನು ಮೂರು ವಾರ ಪಾಠ ಮಾಡಿದ್ದರೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳಿದೆ.

“ಯಾರೂ ಇಲ್ಲ ಮೇಡಂ. ಹುಳ ಜ್ವರಕ್ಕೆ ಕೂತಿದ್ಯಾ, ಎದ್ದಿದ್ಯಾ ಅಂತ ನೋಡಿದ್ರೆ ಗೊತ್ತಾಗುತ್ತೆ. ಅದಕ್ಕೆ ಬುಕ್ಕು ನೋಡ್ತಾರಾ?” ಎಂದಳು. ಹುಳು ಪೊರೆ ಬಿಡುವ ಹೊತ್ತಿಗೆ ಸೊಪ್ಪು ತಿನ್ನದೆ ತಲೆಯೆತ್ತಿ ನಿಲ್ಲುತ್ತದೆ, ಅದಕ್ಕೆ ಜ್ವರ ಎನ್ನುತ್ತಾರೆ. ಅದನ್ನು ನೋಡಿ ನೋಡಿ ಬೆಳೆದವಳು.

ಖನಿಜಗಳ ಹೆಸರುಗಳು ಬಹಳ ಮಟ್ಟಿಗೆ ‘ಐಟ್’ ಎಂದು ಮುಗಿಯುತ್ತವೆ. ಸುಳ್ಳು ಖನಿಜವಾದ್ದರಿಂದ ‘ಸುಳ್ಳೈಟ್’ ಎಂದು ಹುಡುಗರೇ ಹೆಸರಿಟ್ಟರು. ಆ ವರ್ಷ ಸುಳ್ಳೈಟ್ ನಮ್ಮ ತರಗತಿಯಲ್ಲಿ ತುಂಬ ಕೆಲಸ ಮಾಡಿತು. ಒಂದು ಅಕ್ಷವನ್ನು ಓರೆ ಮಾಡಿದರೆ ಏನಾಗುತ್ತದೆ, ಎರಡು ಅಕ್ಷಗಳನ್ನು ಸಮ ಮಾಡಿದರೆ ಏನಾಗುತ್ತದೆ ಎಂದು ಮದುವೆ ಪತ್ರಿಕೆಗಳ ದಪ್ಪ ಕಾಗದದಲ್ಲಿ ಹರಳಿನ ಮಾದರಿಗಳನ್ನು ಮಾಡಿದೆವು. ನಾನು ಅದರ ಗುಣಗಳನ್ನೆಲ್ಲ ಇಂಗ್ಲಿಷಿನಲ್ಲಿ ನೀಟಾಗಿ ಒಂದು ಪುಟ ಬರೆದು, ನನ್ನ ಪ್ರಾಕ್ಟಿಕಲ್ ನೋಟ್ಸಿನಲ್ಲಿ ಉಳಿದ ಖನಿಜಗಳ ಜೊತೆಗೇ ಸೇರಿಸಿದ್ದೆ. ಎಲ್ಲಿ ಸಿಗುತ್ತದೆ, ಏನು ಉಪಯೋಗ ಎಂಬ ಎರಡು ಜಾಗ ಮಾತ್ರ ಖಾಲಿ ಇದ್ದವು.

ಆ ನೋಟ್ಸನ್ನು ಮುಖ್ಯಸ್ಥರು ಒಂದು ದಿನ ಕೇಳಿದರು. “ಕೊಡಿ ಮೇಡಂ, ಒಂದ್ಸಲ ಕಣ್ಣಾಡಿಸ್ತೀನಿ” ಎಂದರು. ಕಣ್ಣಾಡಿಸುವುದಕ್ಕೆ ಎರಡು ತಿಂಗಳು ತೆಗೆದುಕೊಂಡರು. ಆಮೇಲೆ ಒಂದು ಕಟ್ಟು ಕಾಗದ ನನ್ನ ಮೇಜಿನ ಮೇಲಿಟ್ಟು, “ಒಂದು ಗೈಡ್ ಹೊರಗೆ ತರ್ತಾ ಇದೀನಮ್ಮ, ಹುಡುಗರಿಗೆ ಉಪಯೋಗ ಆಗ್ಲಿ ಅಂತ. ಪ್ರೂಫ್ ನೋಡ್ಕೊಡಿ, ನಿಮ್ಮ ಸ್ಪೆಲಿಂಗ್ ಚೆನ್ನಾಗಿದೆ” ಎಂದು ಹೇಳಿ ಹೋದರು. ಹಾಳೆ ತಿರುವಿದರೆ ನನ್ನದೇ ನೋಟ್ಸು. ಹೊದಿಕೆಯ ಮೇಲೆ ಅವರದೇ ಹೆಸರು. ಮುನ್ನುಡಿಯಲ್ಲಿ ತಮ್ಮ ಹಲವು ವರ್ಷಗಳ ಸಂಶೋಧನೆಯನ್ನು ಅವರು ವಿನಯದಿಂದ ನೆನೆದಿದ್ದರು.

ಮೂವತ್ತನೆಯದೋ ಮೂವತ್ತೊಂದನೆಯದೋ ಪುಟದಲ್ಲಿ ಸುಳ್ಳೈಟ್ ಇತ್ತು.

ನಾನು ಬರೆದದ್ದೆಲ್ಲ ಹಾಗೇ ಇತ್ತು. ಖಾಲಿ ಬಿಟ್ಟ ಎರಡು ಜಾಗಗಳನ್ನು ಅವರು ತುಂಬಿದ್ದರು. ಎಲ್ಲಿ ಸಿಗುತ್ತದೆ: ಗೌರಿಬಿದನೂರು ತಾಲೂಕು. ಉಪಯೋಗ: ಬಣ್ಣದ ಕಾರ್ಖಾನೆಗಳಲ್ಲಿ ಮತ್ತು ಪಿಂಗಾಣಿ ಕೈಗಾರಿಕೆಯಲ್ಲಿ. ಅಷ್ಟೇ ಅಲ್ಲ, ಇಂಗ್ಲಿಷಿನಲ್ಲಿದ್ದ ಆ ಹೆಸರನ್ನು ಅವರು ‘ಸಲ್ಲೈಟ್’ ಎಂದು ಓದಿಕೊಂಡು, ಅದನ್ನು ಕಂಡುಹಿಡಿದವನು ಸಲ್ ಎಂಬ ಒಬ್ಬ ಬ್ರಿಟಿಷ್ ಭೂವಿಜ್ಞಾನಿ ಎಂದು ಒಂದು ವಾಕ್ಯವನ್ನೂ ಸೇರಿಸಿದ್ದರು. ಕನ್ನಡ ಮನೆಮಾತಿನ ಮನುಷ್ಯ. ತಮ್ಮ ಮುಂದೆ ಬರೆದಿದ್ದ ಸುಳ್ಳು ಎಂಬ ಮಾತು ಕಾಣಲಿಲ್ಲ, ಇಲ್ಲದ ಬಿಳಿ ದೊರೆ ಕಂಡ.

ಆಗ ನಾನು ಮಾಡಿದ್ದನ್ನು ಇಲ್ಲಿ ಸರಿಯಾಗಿ ಹೇಳಬೇಕು. ಆ ಪುಟಕ್ಕೆ ಅಡ್ಡಗೀಟು ಎಳೆದು, “ಸರ್, ಇದು ನಾನು ಪಾಠಕ್ಕೆ ಮಾಡಿಕೊಂಡದ್ದು” ಎಂದು ಬರೆದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ಆ ಪುಟದಲ್ಲಿ ಪಿಂಗಾಣಿ ಎನ್ನುವುದಕ್ಕಿದ್ದ ಇಂಗ್ಲಿಷ್ ಪದದ ಕಾಗುಣಿತ ತಪ್ಪಾಗಿತ್ತು, ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದೆ. ಒಂದು ಕಡೆ ಪೂರ್ಣವಿರಾಮ ಬಿಟ್ಟುಹೋಗಿತ್ತು, ಹಾಕಿದೆ. ಸುಳ್ಳಿನ ಕಾಗುಣಿತ ತಿದ್ದಿ, ಸುಳ್ಳನ್ನು ಹಾಗೇ ಬಿಟ್ಟೆ.

ಆ ಸಂಜೆ ಅಪ್ಪ ಕುರ್ಚಿಯಿಂದ ಬೀಳುವ ಹಾಗೆ ನಕ್ಕರು. “ಸಲ್ ದೊರೆ! ಗೌರಿಬಿದನೂರಿಗೆ ಕುದುರೆ ಮೇಲೆ ಬಂದಿದ್ನೋ, ರೈಲಲ್ಲಿ ಬಂದಿದ್ನೋ?” ಎಂದು ಕಣ್ಣೊರೆಸಿಕೊಂಡರು. ಅಮ್ಮ ಒಳಗಿನಿಂದ ಬಂದು ವಿಷಯ ಕೇಳಿ, “ಅವರಿಗೆ ಹೇಳ್ಬಿಡಬಾರ್ದೇನೇ? ಹುಡುಗರು ಓದೋ ಪುಸ್ತಕ ಅಲ್ವಾ?” ಎಂದರು. ಅಪ್ಪ ಕೈಯಾಡಿಸಿ, “ಸುಮ್ನಿರೇ. ಪ್ರಿಂಟ್ ಆಗ್ಲಿ ಕಣಮ್ಮ, ತಮಾಷೆ ನೋಡಣ” ಎಂದರು. ನನಗೂ ಬೇಕಾಗಿದ್ದದ್ದು ಅದೇ. ನನ್ನ ಇಂಗ್ಲಿಷನ್ನು ಕಂಡು ಆಶ್ಚರ್ಯಪಟ್ಟಿದ್ದ ಮನುಷ್ಯ ಅಚ್ಚಿನಲ್ಲಿ ಮೂರ್ಖನಾಗಲಿ ಎಂದು ನಾನು ಕಾದೆ.

ಗೈಡ್ ಬಂತು. ತರಗತಿಯಲ್ಲಿ ಹುಡುಗರು ಬೆಂಚು ಬಡಿದು ನಕ್ಕರು. ಆದರೆ ಎರಡೇ ದಿನಕ್ಕೆ ಅವರ ನಗು ನಿಂತುಹೋಯಿತು. ಹತ್ತು ಜನ ಆ ಪುಟವನ್ನೂ ಬಾಯಿಪಾಠ ಮಾಡಿಕೊಂಡರು. “ಎಚ್‌ಓಡಿ ಬುಕ್ಕು ಮೇಡಂ, ಎಲ್ಲಾದ್ರೂ ಕೇಳ್ಬಿಟ್ರೆ ಅಂತ” ಎಂದು ಒಬ್ಬ ಹಲ್ಲು ಕಿರಿದ. ಮಾಡಿಕೊಳ್ಳದವಳು ದಿಬ್ಬೂರಹಳ್ಳಿಯ ಹುಡುಗಿಯೊಬ್ಬಳೇ. ಪರೀಕ್ಷೆಗೆ ಮುಂಚೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅವಳು ಕೇಳಿದಳು:

“ಮೇಡಂ, ವೈವಾದಲ್ಲಿ ಸುಳ್ಳೈಟ್ ಕೇಳಿದ್ರೆ ಏನ್ ಹೇಳ್ಬೇಕು?”

“ನಿಜ ಹೇಳು ಕಣೇ” ಎಂದೆ. ಎಷ್ಟು ಹಗುರಾಗಿ ಹೇಳಿದೆ! ಆ ದೃಶ್ಯವನ್ನು ಮನಸ್ಸಿನಲ್ಲೇ ಕಂಡು ನಗುತ್ತಲೂ ಇದ್ದೆ.

ಪ್ರಾಯೋಗಿಕ ಪರೀಕ್ಷೆಗೆ ಬೆಂಗಳೂರಿನಿಂದ ಒಬ್ಬ ಪರೀಕ್ಷಕರು ಬಂದರು. ಬೂದು ಬಣ್ಣದ ಸಫಾರಿ ಸೂಟು, ಕೈಯಲ್ಲಿ ಚರ್ಮದ ಬ್ಯಾಗು. ಬಂದ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ ಮಧ್ಯಾಹ್ನದ ಊಟ ಎಲ್ಲಿ ಎಂಬುದು. ಎರಡನೆಯದು, ಇಲ್ಲಿ ಟೊಮ್ಯಾಟೊ ಅಗ್ಗವಂತೆ ಹೌದೇ ಎಂಬುದು. ಮುಖ್ಯಸ್ಥರು ಎರಡಕ್ಕೂ ತೃಪ್ತಿಕರವಾದ ಉತ್ತರ ಕೊಟ್ಟು, ತಮ್ಮ ಗೈಡಿನ ಒಂದು ಪ್ರತಿಯನ್ನೂ ಕೈಗಿತ್ತರು. ಆ ಪರೀಕ್ಷಕರು ಪ್ರಶ್ನೆ ಯೋಚಿಸಿಕೊಂಡು ಬಂದವರಲ್ಲ. ಆ ಗೈಡನ್ನೇ ಮೇಜಿನ ಮೇಲೆ ತೆರೆದಿಟ್ಟುಕೊಂಡು, ಪುಟ ತಿರುವಿದಂತೆ ಕೇಳುತ್ತಾ ಹೋದರು. ನಾನು ಪಕ್ಕದಲ್ಲಿ ನಿಂತು ಕಲ್ಲುಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದೆ.

ಹುಡುಗಿ ಬಂದಳು. ಕೈಗೆ ಕೊಟ್ಟ ಆರು ಕಲ್ಲುಗಳನ್ನೂ ಗೀರಿ, ತಿರುಗಿಸಿ, ಬೆಳಕಿಗೆ ಹಿಡಿದು, ಸರಿಯಾಗಿ ಹೇಳಿದಳು. ಪರೀಕ್ಷಕರು ಪುಟ ತಿರುವಿದರು.

“ಸಲ್ಲೈಟ್‌ನ ಉಪಯೋಗ ಹೇಳಮ್ಮ.”

“ಅದಕ್ಕೆ ಉಪಯೋಗ ಇಲ್ಲ ಸರ್.”

“ಓದ್ಕೊಂಡು ಬಂದಿಲ್ವಾ? ಹೋಗ್ಲಿ, ಎಲ್ಲಿ ಸಿಗುತ್ತೆ?”

“ಎಲ್ಲೂ ಸಿಗಲ್ಲ ಸರ್.”

ಪರೀಕ್ಷಕರು ತಲೆಯೆತ್ತಿದರು. “ಗೌರಿಬಿದನೂರು ನೋಡಿದೀಯೇನಮ್ಮ?”

“ನೋಡಿದೀನಿ ಸರ್, ನಮ್ಮ ದೊಡ್ಡಮ್ಮನ ಊರು.”

“ದೊಡ್ಡಮ್ಮನ ಊರಲ್ಲೇ ಸಿಗೋ ಮಿನರಲ್ ಗೊತ್ತಿಲ್ಲ! ಏನು ಬಿ.ಎಸ್ಸಿ. ಮಾಡ್ತಿದೀಯಾ ನೀನು?”

“ಸರ್, ಅದು ಇಲ್ಲ. ಅದನ್ನ ನಮ್ಮ ಮೇಡಂ ಮಾಡಿದ್ದು, ನಮಗೆ ಪಾಠ ಹೇಳ್ಕೊಡಕ್ಕೆ. ಅದರ ಹೆಸರು ಸಲ್ಲೈಟ್ ಅಲ್ಲ ಸರ್, ಸುಳ್ಳೈಟ್. ಬೇಕಾದ್ರೆ ಮೇಡಂ ಇಲ್ಲೇ ಇದಾರೆ, ಕೇಳಿ.”

ಪರೀಕ್ಷಕರು ಮುಖ್ಯಸ್ಥರನ್ನು ನೋಡಿದರು. ಮುಖ್ಯಸ್ಥರು ನನ್ನನ್ನು ನೋಡಿದರು. ಅವರ ಮುಖದಲ್ಲಿ ನಾನು ಕಾದಿದ್ದ ಗಾಬರಿ ಇರಲಿಲ್ಲ. “ಏನಮ್ಮ? ಈ ಹುಡುಗಿ ಹೇಳ್ತಿರೋದು ಹೌದಾ?” ಎಂದು ಮೆಲ್ಲಗೆ, ತುಂಬ ಮರ್ಯಾದೆಯಿಂದ ಕೇಳಿದರು.

ಆ ಬೇಸಿಗೆಯಲ್ಲಿ ನನ್ನ ಹುದ್ದೆಯನ್ನು ಕಾಯಂ ಮಾಡುವ ವಿಚಾರ ಆಡಳಿತ ಮಂಡಳಿಯ ಮುಂದಿತ್ತು. ಅದಕ್ಕೆ ಬೇಕಾದ ಶಿಫಾರಸು ಅವರದು. ಎಷ್ಟೋ ತಿಂಗಳಿಂದ ನಾನು ಕಾದುಕೊಂಡಿದ್ದ ತಮಾಷೆ ಕಣ್ಣೆದುರಿಗೇ ಬಂದು ನಿಂತಿತ್ತು, ಬಾಯಿ ಬಿಡುವುದೊಂದೇ ಬಾಕಿ. ನಾನು ಕೈಯಲ್ಲಿದ್ದ ಕಲ್ಲನ್ನು ಟ್ರೇಯಲ್ಲಿಟ್ಟೆ. “ಅವಳು ಏನೋ ತಪ್ಪು ತಿಳ್ಕೊಂಡಿದಾಳೆ ಸರ್” ಎಂದೆ.

ಹುಡುಗಿ ನನ್ನನ್ನು ನೋಡಿದಳು. ತನ್ನ ರೆಕಾರ್ಡ್ ಪುಸ್ತಕ ಎತ್ತಿಕೊಂಡು ಹೊರಗೆ ಹೋದಳು. ಪರೀಕ್ಷಕರು, “ಈಗಿನ ಹುಡುಗೀರಿಗೆ ಬಾಯಿ ಜಾಸ್ತಿ” ಎಂದು ಹೇಳಿ ಗೈಡಿನ ಪುಟ ತಿರುವಿದರು. ಅವಳ ನಂತರ ಬಂದವನು ಸಲ್ ದೊರೆಯಿಂದ ಹಿಡಿದು ಪಿಂಗಾಣಿಯವರೆಗೆ ಉಸಿರು ಬಿಡದೆ ಒಪ್ಪಿಸಿ, ಶಭಾಸ್ ಅನ್ನಿಸಿಕೊಂಡ.

ಫಲಿತಾಂಶ ಬಂದಾಗ ಹತ್ತು ಜನ ಪಾಸು. ಅವಳು ಉಳಿದೆಲ್ಲದರಲ್ಲಿ ಪಾಸಾಗಿ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದಳು. ಕಲ್ಲನ್ನು ಮುಟ್ಟಿ ನೋಡುತ್ತಿದ್ದ ಒಬ್ಬಳೇ ಹುಡುಗಿ, ಕಲ್ಲು ನೋಡುವ ಪರೀಕ್ಷೆಯಲ್ಲಿ.

ಅಂದು ನಾನು ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದೆ. ಧೈರ್ಯ ಬಂದದ್ದು ತಡವಾಗಿ, ಆದರೂ ಬಂತು. “ಸರ್, ಅವಳು ಹೇಳಿದ್ದು ನಿಜ. ಆ ಖನಿಜ ಇಲ್ಲ. ನಾನೇ ಮಾಡಿದ್ದು” ಎಂದೆ. ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟು, ಕನ್ನಡಕ ಒರೆಸಿಕೊಂಡರು.

“ಗೊತ್ತಮ್ಮ” ಎಂದರು.

ನನಗೆ ಅರ್ಥವಾಗಲಿಲ್ಲ.

“ಪುಸ್ತಕ ಬಂದು ಒಂದು ತಿಂಗಳಿಗೆಲ್ಲ ಗೊತ್ತಾಯ್ತು. ಹುಡುಗರು ನಗ್ತಿದ್ದದ್ದು ನನ್ನ ಕಿವಿಗೂ ಬಿತ್ತು. ನಿಮ್ಮ ಪ್ರೂಫ್ ಹಾಳೆ ಇನ್ನೂ ನನ್ನ ಹತ್ರ ಇದೆ. ಆ ಪುಟದಲ್ಲಿ ಕೆಂಪು ಇಂಕಲ್ಲಿ ನೀವು ತಿದ್ದಿದೀರಾ. ಈಗ ಎದ್ದು ನಿಂತು ಸುಳ್ಳು ಅಂದ್ರೆ, ಯಾರ ಸುಳ್ಳು ಅಂತ ಕೇಳ್ತಾರೆ. ಇಬ್ರೂ ಸುಮ್ನಿದ್ರೆ ಇಬ್ರಿಗೂ ಒಳ್ಳೇದು. ನಿಮ್ಮ ಕಾಯಂ ವಿಚಾರ ನಾನು ಬರೆದು ಕಳಿಸಿದೀನಿ.” ಸ್ವಲ್ಪ ತಡೆದು, “ಆ ಹುಡುಗಿ ಅಕ್ಟೋಬರ್‌ನಲ್ಲಿ ಮತ್ತೆ ಪರೀಕ್ಷೆ ಕಟ್ಕೊಳ್ತಾಳೆ ಬಿಡಿ” ಎಂದರು.

ಅವರನ್ನು ನಾನು ದಡ್ಡ ಎಂದು ತಿಳಿದಿದ್ದೆ. ಅವರು ದಡ್ಡರಲ್ಲ, ಭಂಡರು. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗದ ನಾನು ಹರಳುಗಳ ಬಗ್ಗೆ ಪಾಠ ಮಾಡುತ್ತಿದ್ದೆ.

ಆ ಭಾನುವಾರ ದಿಬ್ಬೂರಹಳ್ಳಿಗೆ ಹೋದೆ. ಸುಳ್ಳೈಟನ್ನು ಕಲ್ಪಿಸಿದವಳು ನಾನೇ, ವಿದ್ಯಾರ್ಥಿನಿ ಹೇಳಿದ್ದು ಸರಿ ಎಂದು ಬರೆದು, ಸಹಿ ಮಾಡಿದ ಪತ್ರ ನನ್ನ ಬ್ಯಾಗಿನಲ್ಲಿತ್ತು. ಅವಳ ತಾಯಿ, “ಎಂಡಲೋ ವಚ್ಚಿನಾರಾ ಅಮ್ಮಾ” ಎಂದು ನಾನು ಬಿಸಿಲಲ್ಲಿ ನಡೆದು ಬಂದದ್ದಕ್ಕೆ ತೆಲುಗಿನಲ್ಲೇ ನೊಂದುಕೊಂಡು, ಮಜ್ಜಿಗೆ ಕೊಟ್ಟರು. ಮಗಳು ಫೇಲಾಗಿದ್ದಕ್ಕೆ ನಾನು ಕಾರಣ ಎಂದು ಆಕೆಗೆ ಗೊತ್ತಿರಲಿಲ್ಲ. “ಸರಿಯಾಗಿ ಓದ್ಲಿಲ್ಲ ಅಂತಾಳೆ. ನೀವಾದ್ರೂ ಬುದ್ಧಿ ಹೇಳಿ ಮೇಡಂ” ಎಂದರು.

ಹುಡುಗಿ ಹುಳುಮನೆಯ ಜಗಲಿಯಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದಳು. ಪತ್ರವನ್ನು ಓದಿದಳು. ಮಡಚಿ ನನ್ನ ಕೈಗೇ ಕೊಟ್ಟಳು.

“ಇದು ಯಾಕೆ ಮೇಡಂ?”

“ಯೂನಿವರ್ಸಿಟಿಗೆ ದೂರು ಕೊಡು. ಇದನ್ನ ಜೊತೆಗಿಡು. ಸರಿ ಮಾಡ್ತಾರೆ.”

“ನೀವು ಅವತ್ತು ಅಲ್ಲೇ ನಿಂತಿದ್ರಲ್ಲ ಮೇಡಂ. ಒಂದು ಮಾತು. ಬಾಯಲ್ಲಿ ಹೇಳಿದ್ರೆ ಆಗ್ತಿತ್ತು. ಈಗ ಕಾಗದ ತಗೊಂಡು ನಾನು ಬೆಂಗಳೂರಿಗೆ ಅಲೀಬೇಕಾ?”

“ತಪ್ಪಾಯ್ತು ಕಣಮ್ಮ” ಎಂದೆ. “ನನ್ನ ಕೆಲಸದ ವಿಚಾರ ಅವರ ಕೈಲಿತ್ತು. ಹೆದರಿದೆ.”

“ಅದು ನನಗೆ ಅರ್ಥ ಆಗುತ್ತೆ ಮೇಡಂ. ಹೆದರಿಕೆ ಯಾರಿಗಿಲ್ಲ?” ಎಂದಳು, ಸೊಪ್ಪಿನಿಂದ ಕೈ ತೆಗೆಯದೆ. “ಆದ್ರೆ ಆ ಬುಕ್ಕು ಪ್ರಿಂಟ್ ಆಗೋಕೆ ಮುಂಚೆ ನೀವು ನೋಡಿದ್ರಂತಲ್ಲ. ಅಟೆಂಡರ್ ಹೇಳಿದ್ರು. ಆಗ ಯಾವ ಹೆದರಿಕೆ ಇತ್ತು?”

ಆಗ ಹೆದರಿಕೆ ಇರಲಿಲ್ಲ. ಖುಷಿ ಇತ್ತು. ಆ ಖುಷಿಯನ್ನು ಅವಳಿಗೆ ಹೇಗೆ ವಿವರಿಸಲಿ? ನಮ್ಮ ಮನೆಯ ಸಂಜೆಗಳನ್ನು, ಅಪ್ಪನ ಕುರ್ಚಿಯನ್ನು, ನಮ್ಮನ್ನು ಕೀಳಾಗಿ ಕಂಡವರು ಮುಗ್ಗರಿಸಲಿ ಎಂದು ಕಾಯುವ ರುಚಿಯನ್ನು ಹೇಳಬಹುದಿತ್ತು. ಆದರೆ ಮುಗ್ಗರಿಸಿದವರು ಅವರಲ್ಲ. ನನ್ನನ್ನು ಯಾವತ್ತೂ ಕೀಳಾಗಿ ಕಾಣದ ಈ ಹುಡುಗಿ.

“ಸೊಪ್ಪು ಹಾಕೋ ಹೊತ್ತಾಯ್ತು ಮೇಡಂ” ಎಂದು ಅವಳು ಎದ್ದು ಒಳಗೆ ಹೋದಳು.

ಸೋಮವಾರ ಆ ಪತ್ರವನ್ನು ನಾನೇ ಪ್ರಿನ್ಸಿಪಾಲರಿಗೆ ಕೊಟ್ಟೆ. ಅವರು ವಾಣಿಜ್ಯಶಾಸ್ತ್ರದವರು. ಎರಡು ಸಲ ಓದಿ, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, “ಇದನ್ನ ಯಾವ ಫೈಲಿಗೆ ಹಾಕ್ಲಿ ಮೇಡಂ? ಇರೋ ಮಿನರಲ್ ಆಗಿದ್ರೆ ಒಂದು ದಾರಿ ಇತ್ತು” ಎಂದರು. ತಮಾಷೆಗೆ ಹೇಳಿದ್ದಲ್ಲ, ಪಾಪ, ನಿಜವಾಗಿಯೂ ಯೋಚನೆ ಮಾಡುತ್ತಿದ್ದರು. ಯಾವ ಫೈಲಿಗೂ ಸೇರದೆ ಪತ್ರ ಅವರ ಮೇಜಿನ ಗಾಜಿನ ಕೆಳಗೆ, ಹಬ್ಬದ ರಜೆಗಳ ಪಟ್ಟಿಯ ಪಕ್ಕದಲ್ಲಿ, ಬಹಳ ದಿನ ಇತ್ತು. ವಿಶ್ವವಿದ್ಯಾಲಯಕ್ಕೂ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದೆ. ಅಲ್ಲಿಂದ ಜವಾಬೇ ಬರಲಿಲ್ಲ.

ಜೂನ್‌ನಲ್ಲಿ ನನ್ನ ಹುದ್ದೆ ಕಾಯಂ ಆಗಲಿಲ್ಲ, ತಾತ್ಕಾಲಿಕವೂ ಉಳಿಯಲಿಲ್ಲ. ಅಪ್ಪ ಎರಡು ದಿನ ಯಾರನ್ನೂ ಅಣಕಿಸಲಿಲ್ಲ. ಮೂರನೆಯ ದಿನ ಪ್ರಿನ್ಸಿಪಾಲರನ್ನು ಶುರು ಮಾಡಿದರು. ನಾನು ಎದ್ದು ಒಳಗೆ ಹೋದೆ. ಆಮೇಲೆ ನಾನು ಆ ಕುರ್ಚಿಯ ಎದುರಿಗೆ ಕೂರುವುದನ್ನು ಕಡಿಮೆ ಮಾಡಿದೆ. ಅಪ್ಪನಿಗೆ ಬೇಜಾರಾಯಿತು ಎಂದು ಗೊತ್ತು. ಅವರಿಗೆ ಬೇರೆ ಕೇಳುಗರಿರಲಿಲ್ಲ.

ಹುಡುಗಿ ಅಕ್ಟೋಬರ್‌ನಲ್ಲಿ ಮತ್ತೆ ಪರೀಕ್ಷೆಗೆ ಕೂತು ಪಾಸಾದಳಂತೆ. ಅವಳನ್ನು ಆ ಸಲ ಸುಳ್ಳೈಟ್ ಬಗ್ಗೆ ಯಾರೂ ಕೇಳಲಿಲ್ಲವಂತೆ. ಗೈಡ್ ಮಾತ್ರ ಚೆನ್ನಾಗಿ ಓಡಿತು. ಕೆಲವು ವರ್ಷಗಳ ನಂತರ ಚಿಕ್ಕಬಳ್ಳಾಪುರದ ಒಂದು ಅಂಗಡಿಯಲ್ಲಿ ಅದರ ಮೂರನೆಯ ಮುದ್ರಣ ನೋಡಿ ಬಿಡಿಸಿದೆ. ಖನಿಜ ಅಲ್ಲೇ ಇತ್ತು, ಸಲ್ ದೊರೆಯೂ ಇದ್ದ. ಗೌರಿಬಿದನೂರು ತಾಲೂಕನ್ನು ಮಾತ್ರ ತೆಗೆದು, ‘ಬಹಳ ಅಪರೂಪ’ ಎಂದು ಹಾಕಿದ್ದರು. ಮುಖ್ಯಸ್ಥರು ತಮ್ಮ ಬದುಕಿನಲ್ಲಿ ಮಾಡಿದ ಒಂದೇ ಒಂದು ಪರಿಷ್ಕರಣೆ ಅದಿರಬೇಕು.

ನನಗೆ ಗೌರಿಬಿದನೂರಿನ ಹತ್ತಿರ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಕೆಲಸ ಸಿಕ್ಕಿತು. ಅಲ್ಲಿ ಖನಿಜಗಳ ಪಾಠ ಎಂದರೆ ಪುಸ್ತಕದ ಕೊನೆಯಲ್ಲಿ ಎರಡು ಪುಟ. ಅದನ್ನು ಹೊರಗೆ ಬಂಡೆಯ ಮೇಲೆ ಕೂರಿಸಿ ಹೇಳುತ್ತಿದ್ದೆ. ಹೊಸ ಖನಿಜ ಯಾವುದನ್ನೂ ಕಲ್ಪಿಸಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಸಲ ಊರಿಗೆ ಬಂದು ಹಿಂದಿರುಗುವಾಗ, ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿ ನೋಡಿದರೆ ಕಿಟಕಿಯ ಪಕ್ಕದ ಸೀಟಿನಲ್ಲಿ ಅವಳಿದ್ದಳು. ಕನ್ನಡಕ ಬಂದಿತ್ತು. ನನ್ನನ್ನು ಗುರುತಿಸಿ, “ಬನ್ನಿ ಮೇಡಂ” ಎಂದು ಸರಿದು ಜಾಗ ಮಾಡಿಕೊಟ್ಟಳು. ರೇಷ್ಮೆ ಇಲಾಖೆಯಲ್ಲಿ ಕೆಲಸ ಎಂದಳು. ಹಳ್ಳಿ ಹಳ್ಳಿಗೆ ಹೋಗಿ ಹುಳುಮನೆ ನೋಡಿ, ರೋಗ ಬಂದಿದ್ದರೆ ಹೇಳುವ ಕೆಲಸ.

“ಚೆನ್ನಾಗಿದೆಯಾ?” ಎಂದೆ.

“ಕೆಲಸ ಚೆನ್ನಾಗಿದೆ ಮೇಡಂ. ಮೂರು ಸಲ ಟ್ರಾನ್ಸ್‌ಫರ್ ಆಯ್ತು” ಎಂದು ನಕ್ಕಳು. “ರೈತರಿಗೆ ಹಂಚೋಕೆ ಬಂದಿರೋ ಹುಳದ ಮೊಟ್ಟೆ ಸರಿ ಇಲ್ಲ ಅಂದ್ರೆ ಇಲ್ಲ ಅಂತ ಮೀಟಿಂಗ್‌ನಲ್ಲೇ ಹೇಳ್ಬಿಡ್ತೀನಿ. ಸಾಹೇಬ್ರಿಗೆ ಆಗಲ್ಲ.”

ನನಗೆ ಹೆಮ್ಮೆ ಅನ್ನಿಸಿತು. ಹೆಮ್ಮೆಪಡುವ ಹಕ್ಕು ನನಗೆಲ್ಲಿಂದ ಬಂತು ಎಂದೂ ಅನ್ನಿಸಿತು. ಅವಳ ಆ ಗುಣ ನಾನು ಕಲಿಸಿದ್ದಲ್ಲ. ನನ್ನಿಂದ ಪೆಟ್ಟು ತಿಂದೂ ಉಳಿದುಕೊಂಡದ್ದು. ಹಳೆಯ ವಿಷಯ ಎತ್ತಬೇಕು ಎಂದು ಎರಡು ಸಲ ಗಂಟಲು ಸರಿಮಾಡಿಕೊಂಡೆ. ಕಂಡಕ್ಟರ್ ಬಂದ, ಚಿಲ್ಲರೆ ಕೇಳಿದ, ಹೋದ. ಅವಳು ತನ್ನ ಮಗಳಿಗೆ ಲೆಕ್ಕ ಹತ್ತುತ್ತಿಲ್ಲ ಎಂದೂ, ಅತ್ತೆಗೆ ಮಂಡಿನೋವು ಎಂದೂ ಹೇಳುತ್ತಿದ್ದಳು.

“ನೀವು ಅವತ್ತು ನಮ್ಮೂರಿಗೆ ಬಂದಿದ್ರಲ್ಲ ಮೇಡಂ” ಎಂದಳು ಇದ್ದಕ್ಕಿದ್ದಂತೆ, ಕಿಟಕಿಯ ಕಡೆ ನೋಡುತ್ತಾ. “ನಾನು ಸ್ವಲ್ಪ ಜೋರಾಗಿ ಮಾತಾಡ್ಬಿಟ್ಟೆ.”

“ಸರಿಯಾಗೇ ಮಾತಾಡಿದೆ” ಎಂದೆ.

“ಹೌದು” ಎಂದಳು. “ಸರಿಯಾಗೇ ಮಾತಾಡಿದೆ.”

ಚಿಕ್ಕಬಳ್ಳಾಪುರ ಬಂದಾಗ ಅವಳು ಎದ್ದು, ಸೀರೆಯ ಸೆರಗು ಸರಿಮಾಡಿಕೊಂಡು, “ಬರ್ತೀನಿ ಮೇಡಂ, ಆಫೀಸಲ್ಲಿ ಮೀಟಿಂಗ್ ಇದೆ” ಎಂದು ಇಳಿದುಹೋದಳು. ನಾನು ಸರಿದು ಕಿಟಕಿಯ ಪಕ್ಕ ಕೂತೆ. ಬಸ್ಸು ಗೌರಿಬಿದನೂರಿನ ಕಡೆ ಹೊರಟಿತು.